ಹೊಸ ರೇಡಿಯೋಗೆ ದುಡ್ಡು ಕೊಡೋ ಮುಂಚೆ ಹಿಂದಿನ ವೈರ್ ನೋಡಿ

ಸಣ್ಣ ವಿಮಾನದಲ್ಲಿ ರೇಡಿಯೋನೋ ಜಿಪಿಎಸ್ಸೋ ಕೈಕೊಟ್ರೆ ಎಲ್ಲರ ಕಣ್ಣು ಮೊದಲು ಹೋಗೋದು ಪ್ಯಾನೆಲ್‌ನಲ್ಲಿ ಕಾಣೋ ಡಬ್ಬಿ ಮೇಲೆ. ಯಾವ ಕಂಪನಿದು, ಎಷ್ಟು ಹಳೇದು, ಹೊಸದು ಹಾಕಿಸಿದ್ರೆ ಎಷ್ಟಾಗುತ್ತೆ, ಮಾತು ಅಲ್ಲಿಂದಲೇ ಶುರು. ನಾನು ಅಮೆರಿಕದ ಕ್ಯಾನ್ಸಸ್ ರಾಜ್ಯದ ವಿಚಿಟಾದಲ್ಲಿ ಬಹಳ ವರ್ಷದಿಂದ ಇದೀನಿ, ನಾಲ್ಕು ಜನ ಸೇರಿ ಇಟ್ಕೊಂಡಿರೋ 1970ರ ದಶಕದ ಸೆಸ್ನಾ 172 ಒಂದರಲ್ಲಿ ನನ್ನದೂ ಒಂದು ಪಾಲಿದೆ, ಇಷ್ಟು ದಿನ ಅದನ್ನ ಹಾರಿಸಿ, ರಿಪೇರಿ ಮಾಡಿಸಿ, ಬಿಲ್ ಕಟ್ಟಿ ನನಗೆ ಗಟ್ಟಿಯಾಗಿ ಅನ್ಸಿರೋದು ಏನಂದ್ರೆ ಡಬ್ಬಿಗಳು ಅಷ್ಟು ಸುಲಭಕ್ಕೆ ಕೆಡಲ್ಲ, ಕೆಡೋದು ಜಾಸ್ತಿ ಅದರ ಹಿಂದಿರೋ ವೈರು, ಕನೆಕ್ಟರು, ಆಂಟೆನಾ, ಅರ್ಥಿಂಗು. ಅದನ್ನ ಯಾರು ನೋಡ್ತಾರೆ, ಯಾರಿಗೆ ಮುಟ್ಟೋಕೆ ಬಿಡ್ತಾರೆ, ಮುಟ್ಟಿದ್ದನ್ನ ಹೇಗೆ ಬರೆದಿಡ್ತಾರೆ ಅನ್ನೋದರ ಮೇಲೆ ಉಳಿದಿದ್ದೆಲ್ಲ ನಿಂತಿದೆ. ಈ ವಿಷಯದಲ್ಲಿ ಇಲ್ಲಿಗೂ ನಮ್ಮೂರಿಗೂ ಇರೋ ವ್ಯತ್ಯಾಸ ನೋಡಿದಾಗ ಎರಡೂ ಕಡೆ ಅರ್ಧರ್ಧ ಸರಿ ಇದೆ ಅಂತ ನನಗನ್ಸುತ್ತೆ.

ವಿಚಿಟಾ ಅಂದ್ರೆ ಸೆಸ್ನಾ, ಬೀಚ್‌ಕ್ರಾಫ್ಟ್ ಬೆಳೆದ ಊರು, ವಿಮಾನದ ಕೆಲಸಕ್ಕೆ ಅಂತ ಬಂದ ಕನ್ನಡದೋರೂ ಇಲ್ಲಿ ಸಿಗ್ತಾರೆ. ಕಾರಲ್ಲಿ ಸುಮಾರು ಮೂರು ಗಂಟೆ ಹೋದ್ರೆ ಒಲೇತಾ. 1959ರಲ್ಲಿ ಶುರುವಾದ, ವಿಮಾನದ ರೇಡಿಯೋ ಮಾಡೋ ಕಿಂಗ್ ರೇಡಿಯೋ ಕಂಪನಿ ಬೆಳೆದಿದ್ದು ಅಲ್ಲೇ, ಅಲ್ಲಿ ಕೆಲಸ ಮಾಡಿದ್ದ ಗ್ಯಾರಿ ಬರೆಲ್ ಮತ್ತು ಮಿನ್ ಕಾವ್ 1989ರಲ್ಲಿ ಕಟ್ಟಿದ ಗಾರ್ಮಿನ್ ಇವತ್ತು ಇರೋದೂ ಅಲ್ಲೇ. ಹಾಗಾಗಿ ಪ್ರಪಂಚದ ಬಹುಪಾಲು ಸಣ್ಣ ವಿಮಾನಗಳ ಪ್ಯಾನೆಲ್‌ನಲ್ಲಿ ಕೂತಿರೋದು ಇದೇ ಸುತ್ತಮುತ್ತ ಹುಟ್ಟಿದ ಸಾಮಾನು. ಆದ್ರೂ ಇಲ್ಲಿ ಒಂದು ಒಳ್ಳೆ ಏವಿಯಾನಿಕ್ಸ್ (ವಿಮಾನದ ಎಲೆಕ್ಟ್ರಾನಿಕ್ಸ್) ಶಾಪ್‌ನಲ್ಲಿ ಸರದಿ ಸಿಗಬೇಕು ಅಂದ್ರೆ ತಿಂಗಳುಗಟ್ಟಲೆ ಕಾಯಬೇಕು. 2020ರ ಜನವರಿ 1ರಿಂದ ದೊಡ್ಡ ಏರ್‌ಪೋರ್ಟ್‌ಗಳ ಸುತ್ತ ಹಾರೋಕೆ ಎಡಿಎಸ್-ಬಿ ಔಟ್, ಅಂದ್ರೆ ವಿಮಾನ ಎಲ್ಲಿದೆ ಅಂತ ತಾನೇ ರೇಡಿಯೋದಲ್ಲಿ ಸಾರೋ ಯಂತ್ರ, ಕಡ್ಡಾಯ ಆಯ್ತಲ್ಲ, ಅದಕ್ಕೆ ಮುಂಚಿನ ವರ್ಷಗಳಲ್ಲಂತೂ ಶಾಪ್‌ನೋರು ಫೋನ್ ಎತ್ತೋದೇ ಕಷ್ಟ ಆಗಿತ್ತು.

ಇಲ್ಲಿಯ ಕಾನೂನಿನಲ್ಲಿ ನನಗೆ ತುಂಬ ಇಷ್ಟವಾಗಿರೋದು ಒಂದಿದೆ. ಇಲ್ಲಿಯ ವಿಮಾನಯಾನ ಇಲಾಖೆ ಎಫ್‌ಎಎ ನಿಯಮಗಳ ಪಾರ್ಟ್ 43ರ ಕೊನೆಯಲ್ಲಿ ಒಂದು ಪಟ್ಟಿ ಇದೆ, ಪೈಲಟ್ ಲೈಸೆನ್ಸ್ ಇರೋ ಮಾಲೀಕ ಮೆಕ್ಯಾನಿಕ್ ಇಲ್ಲದೇನೇ ತಾನೇ ಏನೇನು ಮಾಡಬಹುದು ಅಂತ. ಟೈರ್ ಬದಲಾಯಿಸೋದು, ಆಯಿಲ್ ಬದಲಾಯಿಸೋದು ಎಲ್ಲ ಅದರಲ್ಲಿದೆ, ಅದರ ಜೊತೆ ಪ್ಯಾನೆಲ್‌ನಲ್ಲಿ ಟ್ರೇ ಒಳಗೆ ಕೂರೋ ನ್ಯಾವಿಗೇಷನ್, ಕಮ್ಯುನಿಕೇಷನ್ ರೇಡಿಯೋ ಹೊರಗೆ ತೆಗೆದು ವಾಪಸ್ ಹಾಕೋದೂ ಇದೆ. ರೇಡಾರ್‌ಗೆ ವಿಮಾನದ ಗುರುತು ಹೇಳೋ ಟ್ರಾನ್ಸ್‌ಪಾಂಡರ್, ಆಟೋಪೈಲಟ್ ಮುಟ್ಟೋ ಹಾಗಿಲ್ಲ. ಹಾಕಿದ ಮೇಲೆ ಸರಿ ಕೆಲಸ ಮಾಡುತ್ತಾ ಅಂತ ನೋಡಬೇಕು, ಏನು ಮಾಡಿದೆ ಅಂತ ಲಾಗ್‌ಬುಕ್‌ನಲ್ಲಿ ಬರೆದು, ತಾರೀಖು, ಸಹಿ, ಲೈಸೆನ್ಸ್ ನಂಬರ್ ಹಾಕಬೇಕು, ಅಷ್ಟೇ.

ಕೇಳೋಕೆ ಸಣ್ಣದು. ಆದ್ರೆ ಇದರ ಪರಿಣಾಮ ದೊಡ್ಡದು. ನಮ್ಮ ವಿಮಾನದ ಮೊದಲನೇ ರೇಡಿಯೋ ಒಂದು ಕಾಲದಲ್ಲಿ ಹತ್ತಿಪ್ಪತ್ತು ನಿಮಿಷ ಹಾರಿದ ಮೇಲೆ ಟವರ್‌ನೋರಿಗೆ ಕೇಳಿಸದೇ ಹೋಗ್ತಿತ್ತು, ಇಳಿದು ಎಂಜಿನ್ ಆರಿಸಿ ಮತ್ತೆ ಹಾಕಿದ್ರೆ ಸರಿ. ಬಂದು ಹೋಗೋ ಇಂಥ ತೊಂದರೆನೇ ಅತ್ಯಂತ ಕೆಟ್ಟದ್ದು, ಯಾಕಂದ್ರೆ ಶಾಪ್‌ನ ಬೆಂಚ್ ಮೇಲೆ ಇಟ್ಟು ನೋಡಿದ್ರೆ ಎಲ್ಲ ಸರಿಯಾಗೇ ಇರುತ್ತೆ. ಒಂದು ಶಾಪ್‌ನೋರು ನೋಡಿ, ಇದು ಹಳೇದಾಯ್ತು, ಹೊಸ ಯೂನಿಟ್ ಹಾಕ್ಸಿಬಿಡಿ ಅಂತ ಸಾವಿರಾರು ಡಾಲರ್ ಕೊಟೇಶನ್ ಕೊಟ್ರು. ನಮ್ಮ ಪಾಲುದಾರರಲ್ಲಿ ಒಬ್ಬರು, ರಿಟೈರ್ಡ್ ಮನುಷ್ಯ, ಅದಕ್ಕೆ ಒಪ್ಪಲಿಲ್ಲ. ರೇಡಿಯೋ ಮುಖದ ಮೇಲೆ ಒಂದು ಪುಟ್ಟ ತೂತು ಇರುತ್ತೆ, ಅದರೊಳಗೆ ಅಲೆನ್ ಕೀ ಹಾಕಿ ತಿರುಗಿಸ್ತಾ ಹೋದ್ರೆ ಹಿಡಿ ಬಿಟ್ಟು ಇಡೀ ರೇಡಿಯೋ ನಿಧಾನಕ್ಕೆ ಮುಂದೆ ಜಾರಿ ಕೈಗೆ ಬರುತ್ತೆ. ಹಾಗೆ ತೆಗೆದು ಖಾಲಿ ಟ್ರೇ ಒಳಗೆ ಟಾರ್ಚ್ ಬಿಟ್ಟು ನೋಡಿದ್ರೆ ಹಿಂದೆ ಆಂಟೆನಾ ಕೇಬಲ್ ಬಂದು ಸೇರೋ ಜಾಗದಲ್ಲಿ ಕೇಬಲ್‌ನ ಸರಿಯಾಗಿ ಕ್ರಿಂಪ್ ಮಾಡಿರಲಿಲ್ಲ, ಅಂದ್ರೆ ಒತ್ತಿ ಬಿಗಿ ಮಾಡಿರಲಿಲ್ಲ, ಕೇಬಲ್ ಮೇಲಿನ ಹೆಣಿಗೆ ಕಪ್ಪಾಗಿ ಸಡಿಲ ಆಗಿತ್ತು. ಪ್ಯಾನೆಲ್ ಹಿಂದೆ ಬಿಸಿ ಏರಿದ ಹಾಗೆ ಅದು ಬಿಟ್ಟುಕೊಳ್ತಿತ್ತು, ತಣ್ಣಗಾದ್ರೆ ಕೂಡ್ತಿತ್ತು. ಮೆಕ್ಯಾನಿಕ್‌ನ ಕರೆಸಿ ತೋರಿಸಿದ್ವಿ, ಅವರು ಹೊಸ ಕನೆಕ್ಟರ್ ಹಾಕಿ ಲಾಗ್‌ಬುಕ್‌ಗೆ ಸಹಿ ಹಾಕಿದ್ರು, ಅದೇ ಹಳೇ ರೇಡಿಯೋ ಇವತ್ತಿಗೂ ಚೆನ್ನಾಗಿ ಮಾತಾಡ್ತಿದೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅಂತಾರಲ್ಲ, ಆ ಕೊಟೇಶನ್ ಹಾಗಿತ್ತು.

ಹಾಗಂತ ಅಮೆರಿಕದ್ದೆಲ್ಲ ಸರಿ ಅಂತ ನಾನು ಹೇಳ್ತಿಲ್ಲ. ಇಲ್ಲಿ ಮೆಕ್ಯಾನಿಕ್‌ಗೆ ಸಿಗೋ ಲೈಸೆನ್ಸ್ ಎರಡು ಭಾಗದ್ದು, ಬಾಡಿ ಒಂದು, ಎಂಜಿನ್ ಒಂದು. ಏವಿಯಾನಿಕ್ಸ್‌ಗೆ ಅಂತಲೇ ಪ್ರತ್ಯೇಕ ಮೆಕ್ಯಾನಿಕ್ ಲೈಸೆನ್ಸ್ ಇಲ್ಲ. ಎಂಜಿನ್ ಶಬ್ದ ಕೇಳೇ ಯಾವ ಸಿಲಿಂಡರ್ ಅಂತ ಹೇಳೋ ಅನುಭವಸ್ಥರು ವೈರಿಂಗ್ ಗೋಜಲು ನೋಡಿದ್ರೆ ಹಿಂದೆ ಸರೀತಾರೆ, ತಪ್ಪೇನಿಲ್ಲ, ಅವರ ಓದಿನಲ್ಲಿ ಅದು ಸ್ವಲ್ಪವೇ ಬರೋದು. ಭಾರತದಲ್ಲಿ ಹಾಗಲ್ಲ, ಅಲ್ಲಿಯ ವಿಮಾನಯಾನ ಇಲಾಖೆ ಡಿಜಿಸಿಎ ಕೊಡೋ ಎಎಂಇ (ವಿಮಾನ ರಿಪೇರಿ ಎಂಜಿನಿಯರ್) ಲೈಸೆನ್ಸ್‌ನಲ್ಲಿ ಬಾಡಿ, ಎಂಜಿನ್ ನೋಡೋ ಬಿ1 ಬೇರೆ, ಬಿ2 ಬೇರೆ, ಬಿ2 ಅಂದ್ರೆ ಪೂರ್ತಿ ಏವಿಯಾನಿಕ್ಸು, ಎಲೆಕ್ಟ್ರಿಕಲ್ಲು, ಇನ್‌ಸ್ಟ್ರುಮೆಂಟು. ಯುರೋಪಿನಲ್ಲೂ ಹೀಗೇ. ಇದರಲ್ಲಿ ನಮ್ಮ ದಾರಿನೇ ಮೇಲು ಅಂತ ನಾನು ಯಾರ ಹತ್ರ ಬೇಕಾದ್ರೂ ವಾದ ಮಾಡ್ತೀನಿ. ವರ್ಷಗಟ್ಟಲೆ ಅದೊಂದನ್ನೇ ಓದಿ ಪರೀಕ್ಷೆ ಬರೆದು ಬಂದವರ ಕೈಗೂ ಮಿಕ್ಕ ಕೆಲಸದ ಮಧ್ಯೆ ಇದನ್ನೂ ನೋಡೋರ ಕೈಗೂ ವ್ಯತ್ಯಾಸ ಇದ್ದೇ ಇರುತ್ತೆ.

ಆದ್ರೆ ನಮ್ಮಲ್ಲಿ ಆ ಬಿ2 ಓದಿದ ಹುಡುಗರು ಹೋಗೋದು ಏರ್‌ಲೈನ್ಸ್‌ಗೆ, ಏರ್‌ಬಸ್ಸು ಬೋಯಿಂಗು ಅಂತ. ಸಂಬಳ ಅಲ್ಲೇ ಇದೆ, ಹೋಗಬೇಡಿ ಅನ್ನೋಕಾಗಲ್ಲ. ಊರಿಗೆ ಬಂದಾಗ ಜಕ್ಕೂರಿನ ಕಡೆ ವಿಮಾನದ ಕೆಲಸದಲ್ಲಿರೋ ನನ್ನ ಹಳೇ ಸ್ನೇಹಿತ ಸಿಗ್ತಾನೆ, ಅವನ ಮಾತು ಯಾವಾಗಲೂ ಒಂದೇ: ಡಬ್ಬಿ ಕೆಟ್ಟಿದೆ ಅಂತ ಅನುಮಾನ ಬಂದ್ರೆ ಸಾಕು ಕಣೋ, ಪ್ಯಾಕ್ ಮಾಡಿ ಹೊರದೇಶಕ್ಕೆ ಕಳಿಸೋದು, ಕಸ್ಟಮ್ಸು, ಕಾಗದ, ಮತ್ತೆ ಬರೋತನಕ ವಿಮಾನ ಹ್ಯಾಂಗರ್‌ನಲ್ಲಿ ಧೂಳು ಹಿಡೀತಿರುತ್ತೆ, ಕೊನೆಗೆ ಅಲ್ಲಿಂದ ಏನೂ ತೊಂದರೆ ಕಾಣಲಿಲ್ಲ ಅಂತ ಬರೆದು ವಾಪಸ್ ಕಳಿಸ್ತಾರೆ. ಈ ‘ಏನೂ ಕಾಣಲಿಲ್ಲ’ ಅನ್ನೋ ಚೀಟಿ ಇಲ್ಲೂ ಬರುತ್ತೆ, ಆದ್ರೆ ಇಲ್ಲಿ ಅದಕ್ಕೆ ಹೋಗೋದು ಒಂದೆರಡು ವಾರ, ಅಲ್ಲಿ ಹೋಗೋದು ಒಂದು ಸೀಸನ್. ಅದೂ ಮಂಗಳೂರಿನಂಥ ಕಡಲ ತೇವದ ಜಾಗದಲ್ಲಿ ಕನೆಕ್ಟರ್ ಪಿನ್‌ಗಳು ಹಸಿರು ಹಿಡಿಯೋದು ಬೇಗ, ಅಂಥ ಕಡೆ ಬಿಚ್ಚಿ ನೋಡಿ ಒರೆಸಿ ಹಾಕೋ ಅಭ್ಯಾಸ ಇನ್ನೂ ಜಾಸ್ತಿ ಬೇಕು.

ಮುಳ್ಳಿನ ಮೀಟರ್ ಬದಲು ಸ್ಕ್ರೀನ್ ಇರೋ ಹೊಸ ಗ್ಲಾಸ್ ಕಾಕ್‌ಪಿಟ್ ಬಂದ್ರೆ ಇದೆಲ್ಲ ಹೋಗುತ್ತೆ ಅಂತ ಕೆಲವರು ಹೇಳ್ತಾರೆ. ಸ್ವಲ್ಪ ನಿಜ. ಹಳೇ ವಿಮಾನದಲ್ಲಿ ಆಕಾಶ ನೆಲ ಯಾವ ಕಡೆ ಅಂತ ತೋರಿಸೋ ಗೈರೋ ಓಡೋದು ಎಂಜಿನ್‌ಗೆ ಕಟ್ಟಿದ ವ್ಯಾಕ್ಯೂಮ್ ಪಂಪ್‌ನಿಂದ, ಆಯಿಲ್ ಇಲ್ಲದೆ ಓಡೋ ಒಣ ಪಂಪ್‌ನ ಕಾರ್ಬನ್ ರೆಕ್ಕೆ ಸವೆದು ಒಂದಿನ ಸುಳಿವೇ ಕೊಡದೆ ಮುರಿಯುತ್ತೆ. ಆಗ ಗೈರೋ ತಟ್ಟಂತ ಸಾಯಲ್ಲ, ನಿಧಾನಕ್ಕೆ ವಾಲ್ತಾ ಹೋಗುತ್ತೆ, ಮೋಡದೊಳಗಿರೋ ಪೈಲಟ್ ಅದನ್ನೇ ನಂಬಿ ವಿಮಾನ ವಾಲಿಸ್ತಾನೆ. ನಮ್ಮ ಪಕ್ಕದ ರಾಜ್ಯ ಮಿಸೌರಿಯ ಗವರ್ನರ್ ಮೆಲ್ ಕಾರ್ನಹಾನ್ 2000ನೇ ಇಸವಿ ಅಕ್ಟೋಬರ್‌ನಲ್ಲಿ ಸೆಸ್ನಾ 335 ಬಿದ್ದು ತೀರಿಕೊಂಡ್ರು, ಹಾರಿಸ್ತಿದ್ದಿದ್ದು ಅವರ ಮಗನೇ. ತನಿಖೆ ಮಾಡಿದ ಅಮೆರಿಕದ ಅಪಘಾತ ತನಿಖಾ ಮಂಡಳಿ ಎನ್‌ಟಿಎಸ್‌ಬಿ, ಪೈಲಟ್‌ಗೆ ದಿಕ್ಕು ತಪ್ಪಿದ್ದು ಕಾರಣ ಅಂತ ಹೇಳಿ, ಅದಕ್ಕೆ ಕೂಡಿ ಬಂದಿದ್ದು ಕೆಟ್ಟ ಹವಾಮಾನ ಮತ್ತು ಕೈಕೊಟ್ಟ ಮುಖ್ಯ ಆಟಿಟ್ಯೂಡ್ ಇಂಡಿಕೇಟರ್ (ಆಕಾಶ ನೆಲ ಯಾವ ಕಡೆ ಅಂತ ತೋರಿಸೋ ಯಂತ್ರ) ಅಂತ ಬರೀತು. ಎಲೆಕ್ಟ್ರಾನಿಕ್ ಯಂತ್ರ ತನಗೇ ಅನುಮಾನ ಬಂದ್ರೆ ಸ್ಕ್ರೀನ್ ಮೇಲೆ ದೊಡ್ಡ ಕೆಂಪು ಅಡ್ಡಗೀಟು ಹಾಕಿಬಿಡುತ್ತೆ, ಅದು ಬಹಳ ದೊಡ್ಡ ಉಪಕಾರ. 2016ರಲ್ಲಿ ಎಫ್‌ಎಎ ನಿಯಮ ಸಡಿಲಿಸಿ ಗಾರ್ಮಿನ್ ಜಿ5 ಥರದ ಕಡಿಮೆ ಬೆಲೆಯ ಇಂಡಿಕೇಟರ್‌ಗಳನ್ನ ಹಳೇ ವಿಮಾನಕ್ಕೂ ಹಾಕೋಕೆ ಬಿಟ್ಟಿದ್ದು ಎಷ್ಟು ಜೀವ ಉಳಿಸಿರಬಹುದೋ. ನಾವೂ ಹಾಕಿಸಿದ್ವಿ, ದುಡ್ಡಿನ ಬಗ್ಗೆ ಯಾರೂ ಒಂದು ಮಾತೂ ಆಡಲಿಲ್ಲ.

ಆದ್ರೆ ಸ್ಕ್ರೀನ್ ಹಿಂದೆನೂ ಅದೇ ವೈರ್ ತಾನೆ. ಅದರ ಮೇಲೆ ಈಗ ಸಾಫ್ಟ್‌ವೇರ್ ಬೇರೆ, 28 ದಿನಕ್ಕೊಮ್ಮೆ ದಾರಿ, ಏರ್‌ಪೋರ್ಟ್ ಮಾಹಿತಿಯ ಡೇಟಾಬೇಸ್ ಬದಲಾಯಿಸಬೇಕು, 2020ರ ಜುಲೈನಲ್ಲಿ ಗಾರ್ಮಿನ್ ಸರ್ವರ್‌ಗಳ ಮೇಲೆ ಸೈಬರ್ ದಾಳಿ ಆದಾಗ ಪೈಲಟ್‌ಗಳು ಡೌನ್‌ಲೋಡ್ ಮಾಡೋಕಾಗದೆ ಕಾದಿದ್ರು. 1998ರಲ್ಲಿ ಬಂದ ಗಾರ್ಮಿನ್‌ನ ಜಿಪಿಎಸ್ ಜಿಎನ್‌ಎಸ್ 430 ಇವತ್ತಿಗೂ ಸಾವಿರಾರು ವಿಮಾನದಲ್ಲಿದೆ, ಒಳಗಿನ ಸರ್ಕ್ಯೂಟ್ ಗಟ್ಟಿಯಾಗೇ ಇದೆ, ಡಿಸ್ಪ್ಲೇ ಹೋದ್ರೆ ಬಿಡಿಭಾಗ ಸಿಗೋದೇ ಕಷ್ಟ. ಹೊಸದು ಕೊಂಡೋರಿಗೂ ಒಂದಿನ ಈ ಪಾಡು ಬರುತ್ತೆ.

ಇದನ್ನೆಲ್ಲ ಈಗ ಬರೆಯೋಕೆ ಕಾರಣ ಇದೆ. ನಮ್ಮ ಬೆಳಗಾವಿ, ಕಲಬುರಗಿಯಲ್ಲಿ ಫ್ಲೈಯಿಂಗ್ ಸ್ಕೂಲ್‌ಗಳು ಬಂದಿವೆ. ಸರ್ಕಾರಿ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನ ಪುಟ್ಟ ತರಬೇತಿ ವಿಮಾನ ಹನ್ಸಾ ಎನ್‌ಜಿ 2021ರಲ್ಲಿ ಬೆಂಗಳೂರಲ್ಲಿ ಮೊದಲ ಸಲ ಹಾರಿತು, ಅದರಲ್ಲೂ ಗ್ಲಾಸ್ ಕಾಕ್‌ಪಿಟ್ಟೇ. ಜಿಪಿಎಸ್ ಲೆಕ್ಕ ತಿದ್ದಿ ಕೊಡೋ ಗಗನ್ ವ್ಯವಸ್ಥೆಯ ಕಂಟ್ರೋಲ್ ಸೆಂಟರ್ ಇರೋದೇ ಬೆಂಗಳೂರಲ್ಲಿ. ಉಪಗ್ರಹದ ಸಿಗ್ನಲ್ ಇಷ್ಟು ಚೆನ್ನಾಗಿ ಕೊಡೋ ನಾಡಿನಲ್ಲಿ ಆ ಸಿಗ್ನಲ್ ಹಿಡಿಯೋ ಡಬ್ಬಿಯ ಕನೆಕ್ಟರ್ ರಿಪೇರಿಗೆ ಸಮುದ್ರ ದಾಟಬೇಕಾಗಿ ಬರಬಾರದು. ಕರ್ನಾಟಕದಲ್ಲಿ ಸಣ್ಣ ವಿಮಾನಕ್ಕೆ ಅಂತಲೇ ಒಂದು ಒಳ್ಳೆ ಏವಿಯಾನಿಕ್ಸ್ ಶಾಪ್ ಬೇಕು, ಬಿ2 ಹುಡುಗರಿಗೆ ಅಲ್ಲಿ ಏರ್‌ಲೈನ್ಸ್‌ಗೆ ಹತ್ತಿರದ ಸಂಬಳ ಕೊಡಬೇಕು, ಒಂದೊಂದು ಸ್ಕೂಲ್ ಕೈಲಿ ಆಗಲ್ಲ ಅಂದ್ರೆ ಎಲ್ಲ ಸೇರಿ ಮಾಡಬಹುದು.

ಅದಕ್ಕೂ ಮುಂಚೆ, ನಾಳೆನೇ ಶುರು ಮಾಡಬಹುದಾದ ಕೆಲಸ ಒಂದಿದೆ. ಪ್ಯಾನೆಲ್ ಬಿಚ್ಚಿದಾಗಲೆಲ್ಲ ಹಿಂದಿನ ವೈರಿಂಗ್ ಫೋಟೋ ತೆಗೀರಿ, ಯಾವ ವೈರ್ ಯಾವ ಪಿನ್‌ಗೆ ಅಂತ ಡ್ರಾಯಿಂಗ್ ಮಾಡಿ ವಿಮಾನದ ಫೈಲ್‌ನಲ್ಲೇ ಇಡಿ, ಹಾರೋಕೆ ಕಲೀತಿರೋ ಮಕ್ಕಳನ್ನ ಆವತ್ತು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ತೊಂದರೆ ಬಂದಾಗ ‘ರೇಡಿಯೋ ಕೆಟ್ಟಿದೆ’ ಅಂತ ಒಂದೇ ಸಾಲು ಬರೀಬೇಡಿ ಅಂತ ಅವರಿಗೆ ಹೇಳಿಕೊಡಿ. ಎಷ್ಟು ಹೊತ್ತಾದ ಮೇಲೆ, ಬಿಸಿಲಿತ್ತಾ ಮಳೆ ಇತ್ತಾ, ಯಾವ ಕಡೆ ತಿರುಗಿದಾಗ, ಕೇಳಿಸಲಿಲ್ವಾ ಅಥವಾ ಕಳಿಸೋಕಾಗಲಿಲ್ವಾ, ಎರಡನೇ ರೇಡಿಯೋದಲ್ಲೂ ಹಾಗೇನಾ, ಇಷ್ಟು ಬರೆದು ಕೊಟ್ರೆ ಬಿ2 ಎಂಜಿನಿಯರ್‌ಗೆ ಎಲ್ಲಿ ಕೈಹಾಕಬೇಕು ಅಂತ ಅರ್ಧ ಅಲ್ಲೇ ಗೊತ್ತಾಗುತ್ತೆ.