ಪಾಜ್ ಬಟನ್ ಎಲ್ಲೈತಿ?

ಹೊಸ ಗೇಮ್ ಕೈಗೆ ಸಿಕ್ಕ ಕೂಡಲೇ ಹದಿನೈದರ ಹುಡುಗ ಬಂದೂಕು ಎಲ್ಲಿದೆ ಅಂತ ನೋಡುತ್ತಾನೆ. ನಲವತ್ತೈದರ ಕಾಕಾ ಪಾಜ್ ಬಟನ್ ಎಲ್ಲಿದೆ ಅಂತ ನೋಡುತ್ತಾರೆ. ವಯಸ್ಸಾದಂತೆ ಅಭಿರುಚಿ ಮಾಗುತ್ತದೆ ಎನ್ನುವವರಿದ್ದಾರೆ, ಹೇಳಲಿ ಬಿಡಿ. ಹುಬ್ಬಳ್ಳಿ-ಧಾರವಾಡದ ಯಾವ ಮನೆ ಹೊಕ್ಕರೂ ಅಷ್ಟೆ, ಯಾರು ಏನು ಆಡಬೇಕು ಅಂತ ಗೊತ್ತು ಮಾಡುವುದು ಹೆಬ್ಬೆರಳು, ಕಣ್ಣು, ಕರೆಂಟು, ಆಮೇಲೆ ಅಡುಗೆಮನೆಯಿಂದ ಬರುವ ಕೂಗು.

ಕೂಗಿನಿಂದಲೇ ಶುರು ಮಾಡೋಣ.

"ಲೇ, ರೊಟ್ಟಿ ಆರಾಕತ್ತಾವ, ಅದನ್ನ ಬಂದ್ ಮಾಡಿ ಬಾ."

"ಅವ್ವಾ, ಆನ್‌ಲೈನ್ ಐತಿ, ನಡಬರಕ ನಿಲ್ಲಂಗಿಲ್ಲ."

ಹುಡುಗ ಸುಳ್ಳು ಹೇಳುತ್ತಿಲ್ಲ. ಬಿಜಿಎಂಐ ಥರದ ಮೊಬೈಲಿನ ಬಂದೂಕಿನ ಆಟದಲ್ಲಿ 100 ಮಂದಿ ಒಂದೇ ವಿಮಾನದಿಂದ ಜಿಗಿಯುತ್ತಾರೆ. ದೊಡ್ಡ ಮ್ಯಾಪಿನಲ್ಲಿ ಕೊನೆತನಕ ಉಳಿದರೆ ಸುಮಾರು ಅರ್ಧ ತಾಸು ಬೇಕು. ನಡುವೆ ಎದ್ದುಹೋದರೆ ಅವನ ಬೊಂಬೆ ಬಯಲಲ್ಲಿ ನಿಂತೇ ಇರುತ್ತದೆ. ಯಾರೋ ಬಂದು ಗುಂಡು ಹಾಕಿ ಹೋಗುತ್ತಾರೆ, ಜೊತೆಗಿದ್ದ ಮೂವರು ಗೆಳೆಯರು ಹೆಡ್‌ಫೋನಿನಲ್ಲಿ ಮನೆತನ ತೆಗೆದು ಬೈಯುತ್ತಾರೆ. ಇದಕ್ಕೆ ಇರುವುದು ವೇಳೆಯ ಮದ್ದು ಒಂದೇ. ರೊಟ್ಟಿಗೆ ಎಸರು ಇಡುವಾಗಲೇ "ಇದು ಕಡೀ ಆಟ" ಅಂತ ಒಂದು ಮಾತು ಹಾಕಬೇಕು. ಎಸರು ಕುದ್ದು, ಹಿಟ್ಟು ನಾದಿ, ಎಂಟನೆಯ ರೊಟ್ಟಿ ಹಂಚಿಗೆ ಬೀಳುವ ಹೊತ್ತಿಗೆ ಅಲ್ಲಿ ಗೆದ್ದಿರುತ್ತಾನೆ ಅಥವಾ ಸತ್ತಿರುತ್ತಾನೆ. ಊಟಕ್ಕಂತೂ ಬರುತ್ತಾನೆ. ಎಂಟೂ ಬೆಂದ ಮೇಲೆ ಕೂಗಿದರೆ ಆಗಷ್ಟೇ ವಿಮಾನ ಹತ್ತಿರುತ್ತಾನೆ.

ಸರ್ಕಾರವೂ ನಡುವೆ ಕೈ ಹಾಕಿ ನೋಡಿತು. 2020ರ ಸೆಪ್ಟೆಂಬರಿನಲ್ಲಿ ಪಬ್‌ಜಿ ಬಂದ್ ಆದಾಗ ಎಷ್ಟೋ ತಾಯಂದಿರು ದೇವರಿಗೆ ಕಾಯಿ ಒಡೆಸಿರಬೇಕು. 2021ರ ಜುಲೈನಲ್ಲಿ ಅದೇ ಆಟ ಬಿಜಿಎಂಐ ಅಂತ ಹೆಸರು ಬದಲಿಸಿಕೊಂಡು ಬಂತು, 2022ರಲ್ಲಿ ಮತ್ತೆ ಮಾಯವಾಯಿತು, 2023ರ ಮೇನಲ್ಲಿ ಹದಿನೆಂಟರ ಒಳಗಿನವರಿಗೆ ದಿನಕ್ಕೆ 3 ತಾಸು ಎಂಬ ಕಟ್ಟು ಹಾಕಿಸಿಕೊಂಡು ತಿರುಗಿ ಬಂತು. "ಮೂರು ತಾಸು ಆಡಾಕ ಸರ್ಕಾರನ ಪರ್ಮಿಶನ್ ಕೊಟ್ಟೈತಿ" ಎನ್ನುವ ಹುಡುಗನ ಎದುರು ವಾದಿಸುವುದು ಕಷ್ಟ.

ಇವರ ಅಪ್ಪಂದಿರ ಕಾಲದಲ್ಲಿ ಪಾಜ್ ಇತ್ತು, ಸೇವ್ ಇರಲಿಲ್ಲ. ಟಿವಿಗೆ ಜೋಡಿಸುವ ಕ್ಯಾಸೆಟ್ ಗೇಮಿನಲ್ಲಿ ಮಾರಿಯೋ ಆಡುವವನು 8 ಲೋಕ, 32 ಹಂತಗಳನ್ನು ಕೂತಲ್ಲಿಂದ ಏಳದೆ ಒಂದೇ ಸಲಕ್ಕೆ ದಾಟಬೇಕು. ಸಾಲಿಗೆ ಹೊತ್ತಾದರೆ ಪಾಜ್ ಒತ್ತಿ, ಟಿವಿ ಮಾತ್ರ ಆರಿಸಿ, ಗೇಮಿನ ಡಬ್ಬಿಯನ್ನು ಹಾಗೇ ಬಿಟ್ಟು ಮೇಲೊಂದು ಟವೆಲ್ ಮುಚ್ಚಿ ಹೋಗುವುದು ರೂಢಿ. ಟವೆಲ್ ಹೊದ್ದ ಅಡಾಪ್ಟರ್ ಕಾದು ಹಂಚಾಗುತ್ತಿತ್ತು. ಅದು ತಡೆದುಕೊಂಡರೂ ಸಂಜೆಯೊಳಗೆ ಕರೆಂಟ್ ಹೋಗಿ ಏಳನೆಯ ಲೋಕದವನು ಒಂದನೆಯದಕ್ಕೆ ಬಂದು ಬೀಳುತ್ತಿದ್ದ.

ಆ ಪೀಳಿಗೆಗೆ ಈಗ ಹಳೆಯ ನೆನಪು ಕಾಡುತ್ತದೆ. ಅಟ್ಟದ ಮೇಲಿನ ಟ್ರಂಕು ಕೆಳಗಿಳಿಯುತ್ತದೆ, ಧೂಳು ಕೊಡವಿ ಮೊದಲ ಕೆಲಸ ಎಂದರೆ ಕ್ಯಾಸೆಟ್ಟಿಗೆ 'ಫೂ' ಎಂದು ಊದುವುದು. ದಯಮಾಡಿ ಊದಬೇಡಿ. ಆಗ ಆಟ ಶುರುವಾಗುತ್ತಿದ್ದದ್ದು ಊದಿದ್ದಕ್ಕಲ್ಲ, ತೆಗೆದು ಮತ್ತೆ ಹಾಕಿದಾಗ 60 ಪಿನ್ನುಗಳು ಸರಿಯಾಗಿ ಕೂತದ್ದಕ್ಕೆ. ಬಾಯಿಯ ತೇವ ಆ ತಾಮ್ರದ ಪಟ್ಟಿಗಳಿಗೆ ಕಿಲುಬು ಹಿಡಿಸುತ್ತದೆ. ಕಿವಿಗೆ ಹಾಕುವ ಹತ್ತಿ ಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿ, ಪಟ್ಟಿಗಳ ಉದ್ದಕ್ಕೂ ಒರೆಸಿ, ಹತ್ತು ನಿಮಿಷ ಆರಲು ಬಿಡಿ. ಕಪ್ಪು ಹೋಗದಿದ್ದರೆ ಬಿಳಿ ರಬ್ಬರಿನಿಂದ ಮೆಲ್ಲಗೆ ತಿಕ್ಕಿ, ಪುಡಿ ಕೊಡವಿ, ಮತ್ತೊಮ್ಮೆ ಒರೆಸಿ. ಹಳದಿ, ಬಿಳಿ, ಕೆಂಪು ತಂತಿಗೆ ಹೊಸ ಟಿವಿಯಲ್ಲಿ ಮೂರು ತೂತು ಕಾಣದಿದ್ದರೆ ಗಾಬರಿ ಬೇಡ. ಹಲವು ಟಿವಿಗಳಲ್ಲಿ 'ಎವಿ' ಎಂದು ಬರೆದ ಒಂದೇ ಸಣ್ಣ ತೂತು ಇರುತ್ತದೆ, ಅದಕ್ಕೆ ಬೇರೆ ವಯರ್ ಸಿಗುತ್ತದೆ.

ಇಷ್ಟೆಲ್ಲ ಆದ ಮೇಲೆ ಮಗನ ಮುಂದೆ ಅದೇ ಗೇಮಿನ ಆಟಿಕೆ ಬಂದೂಕು ಹಿಡಿದು ಪರದೆಯ ಬಾತುಕೋಳಿ ಹೊಡೆಯಲು ನಿಂತರೆ ಒಂದೂ ಬೀಳುವುದಿಲ್ಲ. "ಅಪ್ಪಾ, ನಿಂಗ ಗುರಿ ಇಲ್ಲ" ಎಂದು ಅವನು ನಗುತ್ತಾನೆ. ಗುರಿಯ ತಪ್ಪಲ್ಲ ಅದು. ಆ ಬಂದೂಕಿನಿಂದ ಏನೂ ಹಾರುವುದಿಲ್ಲ, ಅದು ಟಿವಿಯನ್ನು ನೋಡುತ್ತದೆ, ಅಷ್ಟೆ. ಕುದುರೆ ಒತ್ತಿದ ಕ್ಷಣ ಪರದೆ ಕಪ್ಪಾಗಿ, ಬಾತುಕೋಳಿ ಇದ್ದಲ್ಲಿ ಬಿಳಿ ಚೌಕ ಮಿಂಚುತ್ತದೆ. ಬಂದೂಕಿನ ಮೂತಿಯೊಳಗಿನ ಬೆಳಕಿನ ಸೆನ್ಸರ್ ಅದನ್ನು ಅದೇ ಕ್ಷಣಕ್ಕೆ ಹಿಡಿಯಬೇಕು. ಹಳೆಯ ಡಬ್ಬಾ ಟಿವಿ ಚಿತ್ರವನ್ನು ತಡವಿಲ್ಲದೆ ಬಿಡಿಸುತ್ತಿತ್ತು. ಹೊಸ ಎಲ್‌ಇಡಿ ಟಿವಿ ಚಿತ್ರವನ್ನು ತಿದ್ದಿ ತೀಡಿ ತೋರಿಸುವಷ್ಟರಲ್ಲಿ ಬಂದೂಕು ನೋಡುವುದನ್ನು ನಿಲ್ಲಿಸಿರುತ್ತದೆ. ಹಾಗಾಗಿ ಗೋಡೆಗೆ ತೂಗುಹಾಕಿದ ಐವತ್ತೈದು ಇಂಚಿನ ಮುಂದೆ ಇಡೀ ಬೇಟೆಯೇ ನಿಷ್ಫಲ.

ಹೆಬ್ಬೆರಳಿನ ವಿಷಯಕ್ಕೆ ಬರೋಣ. 2014ರಲ್ಲಿ ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದವರು ಸ್ಟಾರ್‌ಕ್ರಾಫ್ಟ್ 2 ಎಂಬ ಕಂಪ್ಯೂಟರ್ ಯುದ್ಧದಾಟ ಆಡುವ, 16ರಿಂದ 44 ವಯಸ್ಸಿನ 3,305 ಮಂದಿಯ ಆಟದ ದಾಖಲೆ ತೆಗೆದು ನೋಡಿದರು. ಎದುರಾಳಿ ಕಂಡಾಗಿನಿಂದ ಕೈ ಓಡುವತನಕ ಹಿಡಿಯುವ ವೇಳೆ ಇಪ್ಪತ್ತನಾಲ್ಕರಿಂದಲೇ ಹೆಚ್ಚಾಗುತ್ತ ಹೋಗುತ್ತದೆ ಎಂದು ತಿಳಿಯಿತು. ಇಪ್ಪತ್ತನಾಲ್ಕು! ಧಾರವಾಡದ ಸಪ್ತಾಪುರದಲ್ಲಿ ಆ ವಯಸ್ಸಿಗೆ ಹುಡುಗರು ಇನ್ನೂ ಪಿಎಸ್‌ಐ ಕೋಚಿಂಗಿಗೆ ಫೀ ಕಟ್ಟುತ್ತಿರುತ್ತಾರೆ. ನೌಕರಿ ಸಿಗುವ ಮೊದಲೇ ಹೆಬ್ಬೆರಳು ರಿಟೈರ್. ಸಮಾಧಾನ ಏನೆಂದರೆ, ದೊಡ್ಡವರು ಸುಲಭದ ತಂತ್ರ, ಶಾರ್ಟ್‌ಕಟ್ ಕೀಗಳನ್ನು ಹೆಚ್ಚು ನಂಬಿ ಆ ನಷ್ಟವನ್ನು ತುಂಬಿಕೊಳ್ಳುತ್ತಾರೆ ಎಂಬ ಸೂಚನೆಯೂ ಅದರಲ್ಲೇ ಸಿಕ್ಕಿತು. ನಲವತ್ತು ದಾಟಿದವರು ಓಡಿ ಬಂದು ಹೊಡೆಯುವ ಪಾತ್ರ ಬಿಟ್ಟು, ಮಹಡಿಯ ಮೇಲೆ ಬೋರಲು ಮಲಗಿ ದೂರದಿಂದ ಗುಂಡು ಹಾಕುವ ಪಾತ್ರ ಯಾಕೆ ಆರಿಸುತ್ತಾರೆ ಅನ್ನುವುದಕ್ಕೆ ಇದು ಒಂದು ಕಾರಣ. ಮಲಗಿರಬಹುದು ಅನ್ನುವುದು ಇನ್ನೊಂದು.

ಈ ವಯಸ್ಸಿನಲ್ಲಿ ರೊಕ್ಕ ಇರುತ್ತದೆ, ಹೊತ್ತು ಇರುವುದಿಲ್ಲ. ಶನಿವಾರ ರಾತ್ರಿ ಹತ್ತೂವರೆಗೆ ಮಕ್ಕಳು ಮಲಗಿದ ಮೇಲೆ ಹೊಸ ಗೇಮ್ ಒತ್ತಿದರೆ 100 ಜಿಬಿ ಇಳಿಯಬೇಕು ಅನ್ನುತ್ತದೆ. ಮನೆಯ ಲೈನು 40 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 5 ಎಂಬಿ. ಒಟ್ಟು ಐದೂವರೆ ತಾಸು. ಹಾಲಿನವನು ಬರುವ ಹೊತ್ತಿಗೆ ಆಟ ರೆಡಿ. ಬುಧವಾರವೇ ಡೌನ್‌ಲೋಡಿಗೆ ಹಾಕಿಡಿ, ಕನ್ಸೋಲು, ಅಂದರೆ ಈಗಿನ ಗೇಮಿನ ಡಬ್ಬಿ, ಅರೆನಿದ್ದೆಯ ರೆಸ್ಟ್ ಮೋಡಿನಲ್ಲೂ ಅಪ್‌ಡೇಟ್ ಆಗುವಂತೆ ಸೆಟ್ಟಿಂಗ್ ಬದಲಿಸಿ. ಹಾಗೆ ಬಿಟ್ಟಾಗ ಕರೆಂಟ್ ಹೋದರೆ ಮರುದಿನ ಕನ್ಸೋಲು "ಸರಿಯಾಗಿ ಬಂದ್ ಮಾಡಿಲ್ಲ" ಎಂದು ಹೆಡ್‌ಮಾಸ್ತರರ ದನಿಯಲ್ಲಿ ಗದರಿಸುತ್ತದೆ.

"ಇನ್ವರ್ಟರ್ ಐತಲ್ಲ, ಆದರೂ ಯಾಕ ಆರಿ ಹತ್ತತೈತಿ?" ಅನ್ನುವವರು ಇನ್ವರ್ಟರಿನ ಹಿಂದೆಯೋ ಮುಂದೆಯೋ ಇರುವ ಚಿಕ್ಕ ಸ್ವಿಚ್ ನೋಡಬೇಕು. ಅದು 'ನಾರ್ಮಲ್' ಮೇಲಿದ್ದರೆ ಬ್ಯಾಟರಿಗೆ ಬದಲಾಗಲು ಕಣ್ಣು ಮಿಟುಕಿಸುವ ಹೊತ್ತು ಹಿಡಿಯುತ್ತದೆ. ಫ್ಯಾನಿಗೆ ಅದು ಗೊತ್ತೂ ಆಗುವುದಿಲ್ಲ, ಕನ್ಸೋಲಿಗೆ ಅದೇ ಸಾವು. 'ಯುಪಿಎಸ್' ಮೇಲೆ ಹಾಕಿ. ಆಗ ವೋಲ್ಟೇಜ್ ಸ್ವಲ್ಪ ಇಳಿದರೂ ಅದು ಬ್ಯಾಟರಿಗೆ ಜಿಗಿಯುತ್ತದೆ. ಓಣಿಯಲ್ಲಿ ಲೋ ವೋಲ್ಟೇಜ್ ಇದ್ದರೆ ಬ್ಯಾಟರಿ ಬೇಗ ಖಾಲಿ; ಮನೆಯವರು ಕತ್ತಲಲ್ಲಿ ಕೂತು ನಿಮ್ಮ ಹೆಸರು ಹೇಳುತ್ತಾರೆ.

ಇನ್ನು ಕಣ್ಣು. ನಲವತ್ತರ ನಂತರ ಕಣ್ಣಿನ ಮಸೂರ ಗಡುಸಾಗಿ ಹತ್ತಿರದ ಅಕ್ಷರ ಮಸುಕಾಗುವುದು ಎಲ್ಲರಿಗೂ ಬರುವ ಕಥೆ. ಮೊಬೈಲ್ ಆಟಕ್ಕೆ ಚಾಳೀಸು ಬೇಕು, ಸೋಫಾದಿಂದ ಟಿವಿ ನೋಡಲು ಚಾಳೀಸು ತೆಗೆಯಬೇಕು, ತೆಗೆದದ್ದು ಎಲ್ಲಿ ಇಟ್ಟೆ ಅನ್ನುವುದು ಬೇರೆಯದೇ ಆಟ. ಜೊತೆಗೆ ತಲೆಸುತ್ತು. ದುರ್ಗದಬೈಲಿನಲ್ಲಿ ಗಿರಮಿಟ್ಟು, ಮಿರ್ಚಿ ತಿಂದು ಬಂದು ಬಂದೂಕಿನ ಆಟಕ್ಕೆ ಕೂತವರು ವಾಕರಿಕೆ ಬಂದಾಗ ಪಾಪ ಮಿರ್ಚಿಯನ್ನು ಬೈಯುತ್ತಾರೆ. ಓಡುತ್ತಿದ್ದೀ ಎಂದು ಕಣ್ಣು, ಕೂತಿದ್ದೀ ಎಂದು ಒಳಗಿವಿ ಜಗಳ ಆಡಿದಾಗ ಹೊಟ್ಟೆ ತೊಳಸುತ್ತದೆ. ಸೆಟ್ಟಿಂಗ್ಸಿನಲ್ಲಿ ಮೋಷನ್ ಬ್ಲರ್ ಆಫ್ ಮಾಡಿ, ಕ್ಯಾಮೆರಾ ಶೇಕ್ ಸೊನ್ನೆಗೆ ತನ್ನಿ, ಪರದೆಯಲ್ಲಿ ಎಷ್ಟು ಅಗಲ ಕಾಣಬೇಕು ಎನ್ನುವ ಫೀಲ್ಡ್ ಆಫ್ ವ್ಯೂ 90ರ ಆಸುಪಾಸಿಗೆ ಏರಿಸಿ, ಸಬ್‌ಟೈಟಲ್ ದೊಡ್ಡದು ಮಾಡಿ. ಟಿವಿಯಲ್ಲಿ ಗೇಮ್ ಮೋಡ್ ಹಾಕಿ. ಕಷ್ಟದ ಮಟ್ಟವನ್ನು ಈಜಿಗೆ ಇಳಿಸಿ. ಯಾರೂ ಬಂದು ಹಾಲ್ ಟಿಕೆಟ್ ಕೇಳುವುದಿಲ್ಲ.

ಐವತ್ತರ ಹೊತ್ತಿಗೆ ಬಂದೂಕೂ ಬೇಡವಾಗಿ ಲಾರಿ, ಟ್ರ್ಯಾಕ್ಟರು ಬರುತ್ತವೆ. ನವಲಗುಂದದ ಎರೆಹೊಲವನ್ನು ಲಾವಣಿಗೆ ಕೊಟ್ಟು ವಿದ್ಯಾನಗರದಲ್ಲಿ ಮನೆ ಕಟ್ಟಿದವರು ರಾತ್ರಿ ಹನ್ನೊಂದಕ್ಕೆ ಫಾರ್ಮಿಂಗ್ ಸಿಮ್ಯುಲೇಟರಿನಲ್ಲಿ ಸಾಲು ಹೊಡೆಯುತ್ತಿರುತ್ತಾರೆ. ಯುರೋಪಿನ ರಸ್ತೆಗಳಲ್ಲಿ ಲಾರಿ ಓಡಿಸುವ ಯುರೋ ಟ್ರಕ್ ಸಿಮ್ಯುಲೇಟರ್ 2 ಕೂಡ ಇವರಿಗೆ ಅಚ್ಚುಮೆಚ್ಚು. ಅದರಲ್ಲಿ ರಸ್ತೆಗಳನ್ನು 19 ಪಟ್ಟು ಕುಗ್ಗಿಸಿದ್ದಾರೆ. ಆ ಲೆಕ್ಕದಲ್ಲಿ ಹುಬ್ಬಳ್ಳಿಯಿಂದ ಧಾರವಾಡ ಒಂದು ಕಿಲೋಮೀಟರಿನ ಚೂರು ಆಚೆ. ನಿಜವಾದ ಇಪ್ಪತ್ತು ಕಿಲೋಮೀಟರಿನಲ್ಲಿ ಚಿಗರಿ ಬಸ್ಸಿಗೇ ಮೀಸಲಿಟ್ಟ ಹಾದಿಯ ಪಕ್ಕದ ರಸ್ತೆಯಲ್ಲಿ ಸಿಕ್ಕಿಬಿದ್ದು ಮನೆಗೆ ಬಂದವರಿಗೆ ಆ ಜರ್ಮನಿಯ ಖಾಲಿ ರಸ್ತೆ ಎಂಥ ಸುಖ!

ಅಜ್ಜಿಯಂದಿರು ಕ್ಯಾಂಡಿ ಕ್ರಷ್ ಬಿಡುವುದಿಲ್ಲ. 5 ಜೀವ, ಒಂದು ಮರಳಿ ಬರಲು 30 ನಿಮಿಷ. ಎರಡೂವರೆ ತಾಸು ಕಾಯುವ ತಾಳ್ಮೆ ಅವರಿಗೆ ಇದೆ ಅಂದುಕೊಂಡರೆ ತಪ್ಪು. ಫೋನಿನ ತಾರೀಖು ಮುಂದಕ್ಕೆ ಹಾಕಿದರೆ ಜೀವ ಬರುತ್ತವೆ ಎಂದು ಮೊಮ್ಮಗ ಹೇಳಿಕೊಟ್ಟಿರುತ್ತಾನೆ. ಮರುದಿನ ಕಾಯಿಪಲ್ಲೆ ಸಂತೆಯಲ್ಲಿ ಸವತಿಕಾಯಿಗೆ ರೊಕ್ಕ ಹೋಗುವುದಿಲ್ಲ, ವಾಟ್ಸ್ಆ್ಯಪ್ ತಾರೀಖು ತಪ್ಪಿದೆ ಎಂದು ಬಾಗಿಲು ಹಾಕಿಕೊಂಡಿರುತ್ತದೆ. ಅಂಗಡಿಗೆ ಒಯ್ಯಬೇಡಿ, ಸೆಟ್ಟಿಂಗ್ಸಿನಲ್ಲಿ ತಾರೀಖು-ವೇಳೆಯನ್ನು ಆಟೊಮ್ಯಾಟಿಕ್ ಮಾಡಿದರೆ ಮುಗಿಯಿತು.

ಅಜ್ಜಿಯ ಫೋನಿನಿಂದಲೇ ಮೊಮ್ಮಗನ ಆಟಕ್ಕೆ ಬಂದೂಕು, ಬಣ್ಣದ ಅಂಗಿ ಖರೀದಿಯಾಗುವುದೂ ಉಂಟು. ಪ್ಲೇ ಸ್ಟೋರಿನ ಸೆಟ್ಟಿಂಗ್ಸಿನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡು ಅಥವಾ ಬೆರಳಚ್ಚು ಕೇಳುವಂತೆ ಮಾಡಬಹುದು. ಮಾಡುವ ಮೊದಲು ಆ ಫೋನಿನಲ್ಲಿ ಯಾರ ಯಾರ ಬೆರಳು ದಾಖಲಾಗಿದೆ ಅಂತ ಎಣಿಸಿ. ಫೋನ್ ತಂದ ದಿನ ಅಜ್ಜಿಗೆ ಸೆಟ್ಟಿಂಗ್ ಮಾಡಿಕೊಟ್ಟವನು ಅವನೇ.