ಸ್ಪಷ್ಟನೆ: ಮನೆ ಮುಂದಿನ ಬೇಲಿಗೆ ಅನುಮತಿ ಬೇಡವೇ?

‘ಜಾಗ ನಮ್ಮದು ತಾನೇ, ಮನೆ ಮುಂದೆ ಬೇಲಿಗೋ ಕಾಂಪೌಂಡಿಗೋ ಯಾರನ್ನೂ ಕೇಳಬೇಕಿಲ್ಲ’ ಎಂಬ ಸಂದೇಶ ಮಡಿಕೇರಿಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

ದಾಸವಾಳದ ಗಿಡ ನೆಟ್ಟ ಬೇಲಿಯ ಮಾತು ಬೇರೆ. ಗೋಡೆ ಎಬ್ಬಿಸುವುದಾದರೆ ಮೊದಲೇ ನಗರಸಭೆಗೆ ಅರ್ಜಿ ಕೊಡಬೇಕು. 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯಲ್ಲಿ ‘ಕಟ್ಟಡ’ ಎಂದರೆ ಬರೀ ಮನೆಯಲ್ಲ. ಗೋಡೆ, ಜಗಲಿ, ಬಾಗಿಲ ಮೆಟ್ಟಿಲು ಕೂಡ ಅದರೊಳಗೇ ಬರುತ್ತವೆ. ನಕ್ಷೆಯಲ್ಲಿ ರಸ್ತೆಯ ಅಂಚು, ಚರಂಡಿ ಸರಿಯಾಗಿ ತೋರಿಸಿ. ಜಗಳ ಜಾಸ್ತಿ ಹುಟ್ಟುವುದೇ ಅಲ್ಲಿ. ನಮ್ಮ ಮಳೆಗೆ ಚರಂಡಿ ಮುಚ್ಚಿಹೋದರೆ ನೀರು ಪಕ್ಕದವರ ಬರೆಗೇ (ಮಣ್ಣಿನ ದಿಬ್ಬಕ್ಕೇ) ನುಗ್ಗುತ್ತದೆ. 2018ರ ಮಳೆ, ಭೂಕುಸಿತ ಯಾರೂ ಮರೆತಿಲ್ಲ ಅಲ್ವಾ?

‘ಆನೆ ಬೇಲಿಯ ಹಾಗೆ ಮನೆ ಕರೆಂಟನ್ನೇ ತಂತಿಗೆ ಕೊಡಿ’ ಎಂಬ ಸಾಲೂ ಆ ವಾಟ್ಸಾಪ್ ಸಂದೇಶದಲ್ಲಿದೆ. ಖಂಡಿತ ಬೇಡ. ಆನೆ ತಡೆಯುವ ಸೋಲಾರ್ ಬೇಲಿ ಬಿಟ್ಟುಬಿಟ್ಟು ಶಾಕ್ ಹೊಡೆಯುತ್ತದೆ, ಅಷ್ಟೇ. ನೇರ ಕರೆಂಟು ಜೀವ ತೆಗೆಯುತ್ತದೆ, ಕೇಸೂ ಬೀಳುತ್ತದೆ.