ಊದಿದರೆ ದೇವರು

ಕ್ಯಾಲಿಫೋರ್ನಿಯಾದ ಮಗಳ ಮನೆಗೆ ಬಂದು ಎರಡು ತಿಂಗಳಾಯಿತು. ಸೇತುವೆ ನೋಡಿದ್ದಾಯಿತು, ಮಾಲ್ ನೋಡಿದ್ದಾಯಿತು. ದೇವರು ಹುಟ್ಟುವುದೊಂದು ಬಾಕಿಯಿತ್ತು. ಕಳೆದ ಶನಿವಾರ ಅಳಿಯ ಅದಕ್ಕೂ ಟಿಕೆಟ್ ತಂದ: ಗಾಜು ಊದಿ ಟಿಕಿ ಮಾಡುವ ಲೈವ್ ಡೆಮೊ.

ನಮಗೆ ಗೊತ್ತಿರುವುದು ಆಲೂ ಟಿಕ್ಕಿ. ನ್ಯೂಜಿಲೆಂಡಿನ ಮೂಲನಿವಾಸಿ ಮಾವೊರಿಗಳ ಪುರಾಣದಲ್ಲಿ ಟಿಕಿ ಎಂದರೆ ಮೊದಲ ಮನುಷ್ಯ. ಪೆಸಿಫಿಕ್ ಸಾಗರದ ಪಾಲಿನೇಷ್ಯಾದ ಬೇರೆ ದ್ವೀಪಗಳಲ್ಲಿ ದೇವರ, ಪಿತೃಗಳ ವಿಗ್ರಹ. ಮರದ್ದು, ಇಲ್ಲವೇ ಕಲ್ಲಿನದು. ಕ್ಯಾಲಿಫೋರ್ನಿಯಾಕ್ಕೆ ಬಂದಾಗ ರಮ್ ಕುಡಿಯುವ ಲೋಟ. ಈ ಬಡ್ತಿಗೆ ಬೀಜ ಬಿದ್ದದ್ದು 1930ರ ದಶಕದಲ್ಲಿ. ಅರ್ನೆಸ್ಟ್ ಗ್ಯಾಂಟ್ ಎಂಬ ಪುಣ್ಯಾತ್ಮ ಹಾಲಿವುಡ್‌ನಲ್ಲಿ ಬಿದಿರು, ಚಾಪೆ ಹೊಡೆದು ಬಾರ್ ತೆರೆದ. ಕೊನೆಗೆ ತನ್ನ ಹೆಸರನ್ನೇ ಡಾನ್ ಬೀಚ್ ಎಂದು ಬದಲಿಸಿಕೊಂಡ. ಯಾರದೋ ದೇವರು, ಎಲ್ಲಮ್ಮನ ಜಾತ್ರೆ.

ಕುಲುಮೆ ಸಾವಿರದ ನೂರು ಡಿಗ್ರಿ. ಹೂವಿನ ಅಂಗಿ ತೊಟ್ಟ ಕಲಾವಿದ ಕೊಳವೆಯನ್ನು ಒಳಗಿಟ್ಟು ತಿರುವಿದ, ತುದಿಗೆ ಜೋನಿಬೆಲ್ಲದಂಥ ಕೆಂಡದ ಮುದ್ದೆ ಹತ್ತಿತು. ಸಹಾಯಕಿ ಊದಿದಳು, ಈತ ಮುದ್ದೆಯನ್ನು ಒದ್ದೆ ನ್ಯೂಸ್‌ಪೇಪರ್ ಮಡಿಕೆಯಲ್ಲಿ ಹಿಡಿದು ಸವರಿದ, ಬುಸ್ಸೆಂದು ಹೊಗೆ. (ನಮ್ಮಂಥವರ ಅಂಕಣಗಳಿಗೆ ಇಂಥದ್ದೊಂದು ಉಪಯೋಗವಿದೆ ಎಂದು ತಿಳಿದು ಸಮಾಧಾನವಾಯಿತು.) ಇಕ್ಕಳದಲ್ಲಿ ಹಿಂಡಿ ಮೂಗು ಎಳೆದ. ಎರಡು ಬೊಟ್ಟು ಬಿಸಿಗಾಜು ಇಟ್ಟು ಕಣ್ಣು ಮಾಡಿದ. ಕೈಚಳಕಕ್ಕೆ ಎರಡು ಮಾತಿಲ್ಲ. ಆದರೆ ದೇವರು ಮಾತ್ರ ನಮ್ಮೂರಿನ ಅರ್ಧ ಕಟ್ಟಿದ ಮನೆಯ ದೃಷ್ಟಿಬೊಂಬೆಯ ತಮ್ಮನಂತಿದ್ದ.

"ಇದು ಅಸಲಿ ದ್ವೀಪ ಸಂಸ್ಕೃತಿ!" ಎಂದು ಮೈಕಿನವನು ಕೂಗಿದ. ಯುರೋಪಿನ ಹಡಗು ಬರುವ ತನಕ ಆ ದ್ವೀಪಗಳಲ್ಲಿ ಗಾಜು ಊದುವವರೇ ಇರಲಿಲ್ಲ. ಆ ಕೋಣೆಯಲ್ಲಿ ಪೆಸಿಫಿಕ್ ಸಮುದ್ರ ಕಂಡದ್ದೇನಾದರೂ ಇದ್ದರೆ ಮೂಲೆಯಲ್ಲಿ ನೇತಾಡುತ್ತಿದ್ದ ಹಸಿರು ಗಾಜಿನ ಬುರುಡೆಗಳು. ಜಪಾನಿನ ಬೆಸ್ತರು ಬಲೆ ತೇಲಿಸಲು ಕಟ್ಟುತ್ತಿದ್ದಂಥವು. ಹಗ್ಗ ಹರಿದರೆ ತೇಲುತ್ತಾ ಅಮೆರಿಕದ ದಡಕ್ಕೇ ಬಂದು ಬೀಳುತ್ತಿದ್ದವು. ಅವುಗಳತ್ತ ಒಬ್ಬರೂ ಫೋನ್ ಎತ್ತಲಿಲ್ಲ.

"ಇದು ಯಾವ ದೇವರು?" ಎಂದು ಕೇಳಿದೆ.

"ಗುಡ್ ವೈಬ್ಸ್ ದೇವರು, ಸರ್."

ಪಾಲಿನೇಷ್ಯಾದ ರುರುಟು ದ್ವೀಪದವರು 1821ರಲ್ಲಿ ತಮ್ಮ ಮರದ ದೇವರನ್ನು ಲಂಡನ್ನಿನ ಪಾದ್ರಿಗಳ ಕೈಗೆ ಒಪ್ಪಿಸಿದರು. ಈಗ ಅದು ಬ್ರಿಟಿಷ್ ಮ್ಯೂಸಿಯಂ ಸೊತ್ತು. ಆಗ ಪೂಜೆ ಮಾಡಿದರೆ ಪಾಪ. ಈಗ ತಲೆಗೆ ಸ್ಟ್ರಾ ಚುಚ್ಚಿ, ಕಾಗದದ ಕೊಡೆ ಸಿಕ್ಕಿಸಿದರೆ ಸಂಸ್ಕೃತಿ.

ದೇವರು ಅವತ್ತೇ ಕೈಗೆ ಸಿಗುವವನಲ್ಲ. ಸುಮಾರು 500 ಡಿಗ್ರಿಯ ಒಲೆಯಲ್ಲಿ ರಾತ್ರಿಯಿಡೀ ಮೆಲ್ಲಗೆ ತಣಿಯಬೇಕು, ಇಲ್ಲದಿದ್ದರೆ ಸಿಡಿಯುತ್ತಾನೆ. ಹಾಗಾಗಿ ನಮ್ಮನ್ನು ಪಕ್ಕದ ಮಳಿಗೆಗೆ ಅಟ್ಟಿದರು. ಪಾಲಿನೇಷ್ಯಾದವರ ಮಡಿಗೆ 'ಟಪು' ಎನ್ನುತ್ತಾರೆ. ಇಂಗ್ಲಿಷಿನ 'ಟ್ಯಾಬೂ' ಹೋದದ್ದು ಆ ಕಡೆಯಿಂದಲೇ. ಆ ಮಡಿ ಇಲ್ಲಿ ಚಾಚೂ ತಪ್ಪದೆ ಉಳಿದಿತ್ತು. ದೇವರುಗಳ ಸಾಲಿನ ಮುಂದೆ ಬೋರ್ಡು: ಮುಟ್ಟಬೇಡಿ. ಮುರಿದರೆ ಪೂರ್ತಿ ಬೆಲೆ ಕೊಡಬೇಕು.